ಒಂದು ಟ್ಯೂಬ್ ರಕ್ತದಲ್ಲಿ ಕ್ಯಾನ್ಸರ್ ಪತ್ತೆ: ಲ್ಯಾಬ್ ಪ್ಯಾಕೇಜುಗಳು ಕೊಟ್ಟ ದುಡ್ಡಿಗೆ ತಕ್ಕುದೇ?

ಮಾರ್ಚ್ ಹತ್ತಿರ ಬಂತೆಂದರೆ ಲ್ಯಾಬ್‌ಗಳ ಮೆಸೇಜು ಶುರು. ಕ್ಯಾನ್ಸರ್ ಸ್ಕ್ರೀನಿಂಗ್ ಪ್ಯಾಕೇಜು, ಅರ್ಧ ಬೆಲೆ, ಮನೆಗೇ ಬಂದು ಸ್ಯಾಂಪಲ್ ತೆಗೆದುಕೊಂಡು ಹೋಗುತ್ತಾರೆ, ಮೇಲೆ ಆದಾಯ ತೆರಿಗೆಯಲ್ಲೂ ಉಳಿತಾಯ. ತೆರಿಗೆ ಮಾತು ಸುಳ್ಳಲ್ಲ. ಹಳೇ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಮುಂಜಾಗ್ರತಾ ತಪಾಸಣೆಯ ಲೆಕ್ಕದಲ್ಲಿ ವರ್ಷಕ್ಕೆ 5,000 ರೂಪಾಯಿವರೆಗೆ ವಿನಾಯಿತಿ ಇದೆ. ಉಳಿದ ಮಾತುಗಳನ್ನು ಮಾತ್ರ ಬಿಡಿಸಿ ನೋಡಬೇಕು. ಈ ವಿಮರ್ಶೆ ಯಾವುದೋ ಒಂದು ಲ್ಯಾಬಿನದಲ್ಲ. ಗೋಲ್ಡ್, ಪ್ಲಾಟಿನಂ ಎಂದು ಹೆಸರು ಬೇರೆಬೇರೆ ಇದ್ದರೂ ಒಳಗಿನ ಸರಕು ಹೆಚ್ಚುಕಮ್ಮಿ ಒಂದೇ.

ಮೊದಲು ಸರಕು ನೋಡೋಣ. ಮನೆಗೆ ಬಂದ ಹುಡುಗ ಸಾಮಾನ್ಯವಾಗಿ ಎರಡು ಟ್ಯೂಬು ತುಂಬಿಸಿಕೊಳ್ಳುತ್ತಾನೆ. ನೇರಳೆ ಮುಚ್ಚಳದ್ದು ರಕ್ತಕಣ ಎಣಿಸುವ ಸಿಬಿಸಿಗೆ, ಹಳದಿ ಅಥವಾ ಕೆಂಪು ಮುಚ್ಚಳದ್ದು ಉಳಿದದ್ದಕ್ಕೆಲ್ಲ. ಸಕ್ಕರೆ ಪರೀಕ್ಷೆ ಇದ್ದರೆ ಬೂದು ಮುಚ್ಚಳದ್ದು ಇನ್ನೊಂದು. ಜಾಹೀರಾತಿನಲ್ಲಿ ‘70ಕ್ಕೂ ಹೆಚ್ಚು ಟೆಸ್ಟ್’ ಎಂದಿರುತ್ತದಲ್ಲ, ಆ ಲೆಕ್ಕ ಹೀಗೆ ಬರುತ್ತದೆ: ಸಿಬಿಸಿ ಒಂದರಲ್ಲೇ ಇಪ್ಪತ್ತು ಚಿಲ್ಲರೆ ಸಾಲು, ಲಿವರ್ ಪರೀಕ್ಷೆಯಲ್ಲಿ ಹತ್ತು-ಹನ್ನೊಂದು, ಕೊಲೆಸ್ಟ್ರಾಲಿನಲ್ಲಿ ಎಂಟು, ಮೂತ್ರ ಪರೀಕ್ಷೆಯಲ್ಲಿ ಹದಿನೈದು-ಇಪ್ಪತ್ತು, ಕಿಡ್ನಿ, ಥೈರಾಯ್ಡ್ ಮತ್ತೆ ಏಳೆಂಟು. ಕ್ಯಾನ್ಸರಿನ ಹೆಸರು ಹೇಳಿ ಮಾರುವ ಸಾಲುಗಳು ಇಷ್ಟರಲ್ಲಿ ಬರೀ ನಾಲ್ಕೈದು. ಗಂಡಸರ ಪ್ಯಾಕೇಜಿನಲ್ಲಿ ಕರುಳಿಗೆಂದು ಸಿಇಎ, ಲಿವರಿಗೆ ಎಎಫ್‌ಪಿ, ಮೇದೋಜೀರಕಕ್ಕೆ ಸಿಎ 19-9, ಪ್ರಾಸ್ಟೇಟ್ ಗ್ರಂಥಿಗೆ ಪಿಎಸ್‌ಎ. ಹೆಂಗಸರದ್ದರಲ್ಲಿ ಪಿಎಸ್‌ಎ ಜಾಗದಲ್ಲಿ ಅಂಡಾಶಯಕ್ಕೆಂದು ಸಿಎ-125, ದುಬಾರಿಯದಾದರೆ ಜೊತೆಗೆ ಸ್ತನಕ್ಕೆ ಸಿಎ 15-3. ಇವಕ್ಕೆ ಟ್ಯೂಮರ್ ಮಾರ್ಕರ್ ಎನ್ನುತ್ತಾರೆ. ಕೆಲವು ಗಡ್ಡೆಗಳು ರಕ್ತಕ್ಕೆ ಬಿಡುವ ಪ್ರೋಟೀನುಗಳು ಇವು. ಗಡ್ಡೆ ಇಲ್ಲದ ಮೈಯಲ್ಲೂ ಇರುತ್ತವೆ ಎನ್ನುವುದು ಜಾಹೀರಾತಿನಲ್ಲಿ ಇರುವುದಿಲ್ಲ.

ಈಗ ನಮ್ಮ ದೇಶದಲ್ಲಿ ಯಾವ ಕ್ಯಾನ್ಸರು ಎಷ್ಟು ಬರುತ್ತದೆ ನೋಡಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ಆ ವರ್ಷ ಹೊಸದಾಗಿ ಕ್ಯಾನ್ಸರ್ ಬಂದವರು 14.13 ಲಕ್ಷ, ಅದರಿಂದ ತೀರಿಹೋದವರು 9.17 ಲಕ್ಷ. ಮೊದಲ ಸ್ಥಾನ ಸ್ತನ ಕ್ಯಾನ್ಸರಿನದು, 1.92 ಲಕ್ಷ. ಎರಡನೆಯದು ತುಟಿ ಮತ್ತು ಬಾಯಿ, 1.44 ಲಕ್ಷ. ಮೂರನೆಯದು ಗರ್ಭಕಂಠ, 1.28 ಲಕ್ಷ. ಆಮೇಲೆ ಶ್ವಾಸಕೋಶ 82 ಸಾವಿರ, ಅನ್ನನಾಳ 71 ಸಾವಿರ. ಮೊದಲ ಮೂರನ್ನು ಕೂಡಿದರೇ ಒಟ್ಟಿನ ಮೂರನೇ ಒಂದು ಭಾಗ ಆಗಿಹೋಗುತ್ತದೆ. ಗಂಡಸರನ್ನಷ್ಟೇ ತೆಗೆದುಕೊಂಡರೆ ಬಾಯಿ ಕ್ಯಾನ್ಸರೇ ಮೊದಲು. ಜಗತ್ತಿನ ಪಟ್ಟಿಯಲ್ಲಿ ಮೊದಲು ಶ್ವಾಸಕೋಶ, ನಂತರ ಸ್ತನ, ದೊಡ್ಡ ಕರುಳು, ಪ್ರಾಸ್ಟೇಟ್, ಜಠರ. ಬಾಯಿ ಅಲ್ಲಿ ಮೊದಲ ಐದರಲ್ಲಿ ಎಲ್ಲೂ ಇಲ್ಲ. ನಮ್ಮಲ್ಲಿ ಅದು ಇಷ್ಟು ಮೇಲೆ ಬಂದು ಕೂತಿರುವುದಕ್ಕೆ ಕಾರಣ ಗುಟ್ಕಾ, ಖೈನಿ, ಹೊಗೆಸೊಪ್ಪು, ಕಡ್ಡಿಪುಡಿ. ಹೊಗೆಸೊಪ್ಪು ಹಾಕದ ಬರೀ ಎಲೆಅಡಿಕೆಯನ್ನೂ ಇದೇ ಸಂಸ್ಥೆ ಮೊದಲ ಗುಂಪಿಗೆ, ಅಂದರೆ ಖಚಿತವಾಗಿ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಅಡಿಕೆ ಬೆಳೆಯುವುದರಲ್ಲಿ ದೇಶಕ್ಕೇ ಮೊದಲಿರುವ ರಾಜ್ಯದಲ್ಲಿ ಕೂತು ಇದನ್ನು ಬರೆಯುವಾಗ ಸ್ವಲ್ಪ ಮುಜುಗರವಾಗುತ್ತದೆ, ಆದರೆ ವರ್ಗೀಕರಣ ಇರುವುದು ಹಾಗೆ.

ಇದು ದೇಶದ ಸರಾಸರಿ. ಊರಿಂದ ಊರಿಗೆ ಲೆಕ್ಕ ಬದಲಾಗುತ್ತದೆ. ಬೆಂಗಳೂರಿನಲ್ಲಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ರೋಗ ಮಾಹಿತಿ ಕೇಂದ್ರ ದೇಶದ ಕ್ಯಾನ್ಸರ್ ನೋಂದಣಿ ಕೇಂದ್ರಗಳ ಅಂಕಿಗಳನ್ನೆಲ್ಲ ಕಲೆಹಾಕಿ 2020ರಲ್ಲಿ ಕೊಟ್ಟ ವರದಿಯ ಪ್ರಕಾರ, ಊರೂರಿನ ಜನರ ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿ ನೋಡಿದರೆ, ಗಂಡಸರಲ್ಲಿ ವರ್ಷಕ್ಕೆ ಹೊಸದಾಗಿ ಕ್ಯಾನ್ಸರ್ ಬರುವ ದರ ಮಿಜೋರಾಂನ ಐಜ್ವಾಲ್ ಜಿಲ್ಲೆಯಲ್ಲಿ ಲಕ್ಷಕ್ಕೆ 269.4, ಮಹಾರಾಷ್ಟ್ರದ ಉಸ್ಮಾನಾಬಾದ್-ಬೀಡ್‌ನಲ್ಲಿ 39.5. ಏಳು ಪಟ್ಟಿನ ಹತ್ತಿರದ ಅಂತರ ಇದು. ಪ್ಯಾಕೇಜು ಮಾತ್ರ ಎರಡೂ ಕಡೆ ಒಂದೇ.

ಎಷ್ಟು ಜನಕ್ಕೆ ಬರುತ್ತದೆ ಎನ್ನುವುದರ ಪಕ್ಕದಲ್ಲೇ ಎಷ್ಟು ಜನರನ್ನು ಬಲಿ ತೆಗೆದುಕೊಳ್ಳುತ್ತದೆ ಎನ್ನುವುದನ್ನೂ ಇಡಬೇಕು. ಒಂದು ವರ್ಷದ ಹೊಸ ಪ್ರಕರಣ ನೂರಾದರೆ ಅದೇ ವರ್ಷ ಆ ಕ್ಯಾನ್ಸರಿನಿಂದಾದ ಸಾವು ಸ್ತನದಲ್ಲಿ 51, ಬಾಯಿಯಲ್ಲಿ 56, ಗರ್ಭಕಂಠದಲ್ಲಿ 63. ಶ್ವಾಸಕೋಶದಲ್ಲಿ 92, ಅನ್ನನಾಳದಲ್ಲಿ 94. ಸತ್ತವರೂ ಹೊಸದಾಗಿ ಪತ್ತೆಯಾದವರೂ ಅದೇ ಜನ ಅಲ್ಲ, ಹಾಗಾಗಿ ಇದನ್ನು ಬದುಕುವ ಪ್ರಮಾಣ ಎಂದು ಓದಬಾರದು. ರೋಗ ಎಷ್ಟು ಕಠಿಣ ಎನ್ನುವ ಅಂದಾಜಿಗೆ ಸಾಕು. ಎಲ್ಲ ಕ್ಯಾನ್ಸರ್ ಸೇರಿಸಿದರೆ ಜಗತ್ತಿನಲ್ಲಿ ಇದು 49ರ ಹತ್ತಿರ, ನಮ್ಮಲ್ಲಿ 65. ಇಷ್ಟು ವ್ಯತ್ಯಾಸಕ್ಕೆ ದೊಡ್ಡ ಕಾರಣ ತಡವಾಗಿ ಬರುವುದು. ಅದೇ 2020ರ ವರದಿಯಲ್ಲಿ, ಅಕ್ಕಪಕ್ಕದ ಭಾಗಗಳಿಗೆ ಹಬ್ಬಿದ ಮೇಲಷ್ಟೇ ಪತ್ತೆಯಾದವರು ಸ್ತನ ಕ್ಯಾನ್ಸರಿನಲ್ಲಿ ನೂರಕ್ಕೆ 57, ಗರ್ಭಕಂಠದಲ್ಲಿ 60, ತಲೆ-ಕುತ್ತಿಗೆ ಕ್ಯಾನ್ಸರಿನಲ್ಲಿ 66.6. ಅಂದರೆ ಬೇಗ ಪತ್ತೆಹಚ್ಚುವ ಸೇವೆ ಬೇಡ ಎಂದಲ್ಲ, ಬಹಳ ಬೇಕು. ಈ ಪ್ಯಾಕೇಜು ಆ ಕೆಲಸ ಮಾಡುತ್ತದೆಯೇ ಎನ್ನುವುದೊಂದೇ ಪ್ರಶ್ನೆ.

ಮಾಡುವುದಿಲ್ಲ. ಬಾಯಿ ಕ್ಯಾನ್ಸರಿಗೂ ಗರ್ಭಕಂಠದ ಕ್ಯಾನ್ಸರಿಗೂ ಆ ಟ್ಯೂಬಿನಲ್ಲಿ ಒಂದೇ ಒಂದು ಮಾರ್ಕರ್ ಇಲ್ಲ. ಸ್ತನಕ್ಕೆಂದು ಹಾಕುವ ಸಿಎ 15-3, ಗಂಟು ಚಿಕ್ಕದಿರುವಾಗ ಬಹುತೇಕ ಸಲ ನಾರ್ಮಲ್ ಆಗಿಯೇ ಇರುತ್ತದೆ. ಹರಡಿದ ಸ್ತನ ಕ್ಯಾನ್ಸರಿಗೆ ಔಷಧ ಕೊಡುವಾಗ ಅದು ಕೆಲಸ ಮಾಡುತ್ತಿದೆಯೇ ನೋಡಲು ಇರುವ ಪರೀಕ್ಷೆ ಅದು. ನಾಲ್ಕೈದು ಸಾವಿರ ಕೊಟ್ಟು ‘ಎಲ್ಲಾ ನಾರ್ಮಲ್’ ಎಂಬ ಕಾಗದ ಕೈಗೆ ಬಂದಾಗ, ನಮ್ಮಲ್ಲಿ ಅತಿ ಹೆಚ್ಚು ಬರುವ ಮೂರು ಕ್ಯಾನ್ಸರಿನ ಬಗ್ಗೆ ಆ ಕಾಗದ ಏನನ್ನೂ ಹೇಳಿರುವುದಿಲ್ಲ. ಗುಟ್ಕಾ ಹಾಕುವವರು ಅದನ್ನೇ ಜೇಬಲ್ಲಿಟ್ಟುಕೊಂಡು ಇನ್ನೊಂದು ವರ್ಷ ನಿಶ್ಚಿಂತೆಯಿಂದಿರುತ್ತಾರೆ. ಈ ಸರಕಿನ ದೊಡ್ಡ ದೋಷ ಇದೇ.

ಎರಡನೇ ದೋಷ ಸುಳ್ಳು ಕೆಂಪು ಗುರುತು. ಸಿಎ-125 ತೆಗೆದುಕೊಳ್ಳಿ. ವರದಿಯಲ್ಲಿ ಮಿತಿ 35 ಯೂನಿಟ್ ಎಂದಿರುತ್ತದೆ, ಅದಕ್ಕಿಂತ ಮೇಲಿದ್ದರೆ ದಪ್ಪಕ್ಷರ, ಪಕ್ಕದಲ್ಲಿ ಮೇಲ್ಮುಖ ಬಾಣ. ಮುಟ್ಟಿನ ದಿನಗಳಲ್ಲಿ ರಕ್ತ ಕೊಟ್ಟರೆ ಇದು ಏರುತ್ತದೆ. ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪೊರೆ ಹೊರಗೆ ಬೆಳೆಯುವುದು), ಫೈಬ್ರಾಯ್ಡ್ (ಗರ್ಭಕೋಶದ ಕ್ಯಾನ್ಸರಲ್ಲದ ಗಡ್ಡೆ), ಬಸುರಿನ ಮೊದಲ ತಿಂಗಳುಗಳು, ಲಿವರ್ ಗಟ್ಟಿಯಾಗುವ ಸಿರೋಸಿಸ್, ಹೃದಯ ವೈಫಲ್ಯ, ಎಲ್ಲದರಲ್ಲೂ ಏರುತ್ತದೆ. ನಮ್ಮ ದೇಶದಲ್ಲಿ ವಿಶೇಷವಾಗಿ ನೆನಪಿಡಬೇಕಾದದ್ದು ಹೊಟ್ಟೆಯ ಕ್ಷಯ. ಹೊಟ್ಟೆಯಲ್ಲಿ ನೀರು ತುಂಬಿ, ಸಿಎ-125 ನೂರಾರಕ್ಕೆ ಹೋಗಿ, ಸ್ಕ್ಯಾನಿನಲ್ಲಿ ಅಂಡಾಶಯದ ಕ್ಯಾನ್ಸರಿನಂತೆಯೇ ಕಂಡು, ಆಪರೇಷನ್ ಟೇಬಲ್ ಮೇಲೆ ತೆರೆದು ನೋಡಿದಾಗ ಟಿಬಿ ಎಂದು ತಿಳಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬೇಕಾದಷ್ಟಿವೆ. ಆರು ತಿಂಗಳ ಮಾತ್ರೆಯಲ್ಲಿ ವಾಸಿಯಾಗುವ ಕಾಯಿಲೆ ಅದು.

ಲೆಕ್ಕ ಹಾಕಿಯೇ ನೋಡಿ. ಭಾರತದಲ್ಲಿ ಅಂಡಾಶಯದ ಕ್ಯಾನ್ಸರ್ ವರ್ಷಕ್ಕೆ ಲಕ್ಷ ಹೆಂಗಸರಲ್ಲಿ ಆರೇಳು ಜನಕ್ಕೆ ಬರುತ್ತದೆ. ವಯಸ್ಸಾದವರಲ್ಲಿ ಜಾಸ್ತಿ ಎಂದು 20 ಎಂದೇ ಇಟ್ಟುಕೊಳ್ಳೋಣ. ಪರೀಕ್ಷೆಯೂ ಬಹಳ ಒಳ್ಳೆಯದು, ಕಾಯಿಲೆ ಇಲ್ಲದ ನೂರು ಜನರಲ್ಲಿ 98 ಜನಕ್ಕೆ ಸರಿಯಾಗಿ ‘ಇಲ್ಲ’ ಎನ್ನುತ್ತದೆ ಎಂದುಕೊಳ್ಳೋಣ. ಲಕ್ಷ ಜನರಿಗೆ ಪರೀಕ್ಷೆ ಮಾಡಿದರೆ ಸುಮಾರು 2,000 ಜನಕ್ಕೆ ಸುಳ್ಳು ಬಾಣ, 20 ಜನಕ್ಕೆ ನಿಜ. ಆ 20ರಲ್ಲಿ ಒಬ್ಬರನ್ನೂ ಬಿಡದೆ ಹಿಡಿದರೂ, ಬಾಣ ಬಂದ ನೂರು ಹೆಂಗಸರಲ್ಲಿ ಕ್ಯಾನ್ಸರ್ ಇರುವುದು ಒಬ್ಬರಿಗೆ. ಉಳಿದ 99 ಮಂದಿ ಒಳಗಿನ ಸ್ಕ್ಯಾನು, ಎಂಆರ್‌ಐ, ಮತ್ತೆ ರಕ್ತ, ರಾತ್ರಿ ನಿದ್ದೆಗೇಡು ಎಂದು ತಿಂಗಳುಗಟ್ಟಲೆ ಸುತ್ತುತ್ತಾರೆ.

ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದಲ್ಲಿ 78,216 ಹೆಂಗಸರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2011ರಲ್ಲಿ ಬಂತು. ಅರ್ಧ ಜನಕ್ಕೆ ವರ್ಷವರ್ಷ ಸಿಎ-125 ಮತ್ತು ಸ್ಕ್ಯಾನ್, ಉಳಿದರ್ಧಕ್ಕೆ ಮಾಮೂಲಿ ಆರೈಕೆ. ಅಂಡಾಶಯದ ಕ್ಯಾನ್ಸರಿನಿಂದ ಸತ್ತವರು ಪರೀಕ್ಷೆ ಮಾಡಿಸಿದ ಗುಂಪಿನಲ್ಲಿ 118, ಮಾಡಿಸದ ಗುಂಪಿನಲ್ಲಿ 100. ಸುಳ್ಳು ಬಾಣ ಬಂದವರು 3,285. ಅವರಲ್ಲಿ 1,080 ಜನಕ್ಕೆ ಆಪರೇಷನ್ ಆಯಿತು, 163 ಜನಕ್ಕೆ ಅದರಿಂದ ಗಂಭೀರ ತೊಂದರೆಯೂ ಆಯಿತು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲೂ ಸಾವು ಕಡಿಮೆಯಾಗಲಿಲ್ಲ ಎಂದು 2021ರಲ್ಲಿ ಖಚಿತವಾಯಿತು. ಇಷ್ಟಾದ ಮೇಲೂ ನಮ್ಮಲ್ಲಿ ಇದನ್ನು ‘ಮಹಿಳಾ ದಿನದ ವಿಶೇಷ’ ಎಂದು ಮಾರುತ್ತಾರೆ.

ಉಳಿದ ಮಾರ್ಕರುಗಳ ಕಥೆಯೂ ಹೆಚ್ಚು ಬೇರೆಯಲ್ಲ. ಸಿಇಎ ಬೀಡಿ-ಸಿಗರೇಟು ಸೇದುವವರಲ್ಲಿ ತಾನೇ ಸ್ವಲ್ಪ ಏರಿರುತ್ತದೆ, ಕರುಳಿನ ಕ್ಯಾನ್ಸರ್ ಆರಂಭದಲ್ಲಿದ್ದರೆ ಏರದೆಯೂ ಇರುತ್ತದೆ. ಸಿಎ 19-9 ಪಿತ್ತದ ಕಲ್ಲು ಅಡ್ಡ ಬಂದು ಕಾಮಾಲೆಯಾದರೆ ಜಿಗಿಯುತ್ತದೆ. ಲೂಯಿಸ್ ಎಂಬ ರಕ್ತಗುಂಪಿನ ಅಂಶ ಇಲ್ಲದವರ ಮೈ ಅದನ್ನು ತಯಾರಿಸುವುದೇ ಇಲ್ಲ, ಅವರಿಗೆ ಮೇದೋಜೀರಕದ ಕ್ಯಾನ್ಸರ್ ಇದ್ದರೂ ವರದಿ ನಾರ್ಮಲ್ ಬರುತ್ತದೆ. ಎಎಫ್‌ಪಿಗೆ ಮಾತ್ರ ಒಂದು ಸರಿಯಾದ ಜಾಗವಿದೆ. ಸಿರೋಸಿಸ್ ಇರುವವರಿಗೆ ಮತ್ತು ಹೆಪಟೈಟಿಸ್ ಬಿ ಇರುವ ಕೆಲವರಿಗೆ, ಆರು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಜೊತೆಗೆ. ಅಂಥವರಿಗೆ ಡಾಕ್ಟರೇ ಬರೆದುಕೊಡುತ್ತಾರೆ, ಪ್ಯಾಕೇಜು ಕೊಳ್ಳುವ ಅಗತ್ಯವಿಲ್ಲ.

ಪಿಎಸ್‌ಎ ಬಗ್ಗೆ ಅಷ್ಟು ಕಟುವಾಗಿ ಹೇಳುವಂತಿಲ್ಲ. 55ರಿಂದ 69ರ ಗಂಡಸರು ಲಾಭ-ನಷ್ಟ ಎರಡನ್ನೂ ಡಾಕ್ಟರ ಹತ್ತಿರ ಕೂತು ಮಾತಾಡಿ ಮಾಡಿಸಬಹುದು ಎನ್ನುವುದು ಅಮೆರಿಕದ ತಜ್ಞ ಸಮಿತಿಯ ಸಲಹೆ. ಆದರೆ 35ರ ಹುಡುಗನ ಪ್ಯಾಕೇಜಿನಲ್ಲೂ ಅದನ್ನು ತುರುಕಿರುತ್ತಾರೆ. ಮಾಡಿಸುವವರು ಎರಡು ದಿನ ಮುಂಚಿನಿಂದ ಸೈಕಲ್ ಹೊಡೆಯಬಾರದು, ವೀರ್ಯಸ್ಖಲನವೂ ಆಗಿರಬಾರದು. ಮೂತ್ರದ ಸೋಂಕು ಇದ್ದರೆ ವಾಸಿಯಾಗಿ ಕೆಲವು ವಾರ ಕಳೆಯಲಿ. ಪ್ರಾಸ್ಟೇಟ್ ಊತಕ್ಕೆ ಅಥವಾ ಕೂದಲಿಗೆ ಫಿನಾಸ್ಟರೈಡ್ ತೆಗೆದುಕೊಳ್ಳುತ್ತಿದ್ದರೆ ಹೇಳಲೇಬೇಕು, ಅದು ಪಿಎಸ್‌ಎಯನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಮನೆಗೆ ಬರುವ ಹುಡುಗನ ಫಾರಂನಲ್ಲಿ ಈ ಪ್ರಶ್ನೆಗಳು ಸಾಮಾನ್ಯವಾಗಿ ಇರುವುದಿಲ್ಲ. ಉಪವಾಸ ಇದ್ದೀರಾ ಎಂದಷ್ಟೇ ಕೇಳುತ್ತಾನೆ. ಮಾರ್ಕರುಗಳಿಗೆ ಉಪವಾಸವೇ ಬೇಕಿಲ್ಲ, ಅದು ಸಕ್ಕರೆ, ಕೊಲೆಸ್ಟ್ರಾಲಿನ ಸಲುವಾಗಿ. ಕೂದಲು-ಉಗುರಿಗೆಂದು ನುಂಗುವ ಬಯೋಟಿನ್ ಮಾತ್ರೆಯೂ ಕೆಲವು ಯಂತ್ರಗಳಲ್ಲಿ ಮಾರ್ಕರ್ ಫಲಿತಾಂಶವನ್ನು ತಪ್ಪಾಗಿ ಕೆಳಗಿಳಿಸುತ್ತದೆ.

ಪ್ಯಾಕೇಜು ದುಬಾರಿಯಾದಂತೆ ಸೇರುವ ತಳುಕುಗಳಲ್ಲಿ ಎರಡು ಅಪಾಯಕಾರಿ. ಒಂದು, ಕುತ್ತಿಗೆಯ ಅಲ್ಟ್ರಾಸೌಂಡ್. ದಕ್ಷಿಣ ಕೊರಿಯಾದಲ್ಲಿ ತಪಾಸಣೆಯ ಜೊತೆ ಇದನ್ನು ಅಗ್ಗಕ್ಕೆ ಕೊಟ್ಟರು. 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟಾಯಿತು, ಅದರಿಂದಾಗುವ ಸಾವು ಇದ್ದಲ್ಲೇ ಇತ್ತು. ಜೀವಕ್ಕೆ ಎಂದೂ ತೊಂದರೆ ಕೊಡದಿದ್ದ ಪುಟ್ಟ ಗಂಟುಗಳನ್ನು ಹುಡುಕಿ ಹುಡುಕಿ ಗ್ರಂಥಿ ತೆಗೆಸಿಕೊಂಡವರಿಗೆ ಈಗ ಬದುಕಿಡೀ ಮಾತ್ರೆ. ಎರಡನೆಯದು ‘ಒಂದೇ ರಕ್ತದಲ್ಲಿ ಐವತ್ತು ಕ್ಯಾನ್ಸರ್’ ಎನ್ನುವ ಹೊಸ ಡಿಎನ್‌ಎ ಪರೀಕ್ಷೆಗಳು. ತಂತ್ರಜ್ಞಾನದಲ್ಲಿ ಹುರುಳಿದೆ, ಇಲ್ಲ ಎನ್ನುವುದಿಲ್ಲ. ಆದರೆ ಈ ಬಗೆಯ ಒಂದು ಪ್ರಮುಖ ಪರೀಕ್ಷೆ 2021ರ ಅಧ್ಯಯನದಲ್ಲಿ ದೂರದ ಅಂಗಗಳಿಗೆ ಹರಡಿದ ನಾಲ್ಕನೇ ಹಂತದ ಕ್ಯಾನ್ಸರುಗಳಲ್ಲಿ ನೂರಕ್ಕೆ 90ನ್ನು ಹಿಡಿಯಿತು, ಮೊದಲ ಹಂತದಲ್ಲಿ 17ನ್ನು ಮಾತ್ರ. ನಾಲ್ಕನೇ ಹಂತ ಹಿಡಿಯಲು ಸ್ಕ್ರೀನಿಂಗ್ ಯಾಕೆ ಬೇಕು?

ಇನ್ನು ಪ್ಯಾಕೇಜಿನಲ್ಲಿ ಎದೆಯ ಎಕ್ಸ್-ರೇ ಇದ್ದರೆ, ಅದರಿಂದ ಶ್ವಾಸಕೋಶದ ಕ್ಯಾನ್ಸರ್ ಸಾವು ಕಡಿಮೆಯಾಗುವುದಿಲ್ಲ ಎಂದು ಆಗಲೇ ಗೊತ್ತಾಗಿದೆ. ಬಹಳ ವರ್ಷ ಸೇದಿದವರಿಗೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಹಳೇ ಟಿಬಿ ಕಲೆಗಳು ಅದರಲ್ಲಿ ಗಂಟಿನಂತೆ ಕಾಣುವುದರಿಂದ ಓದುವವರು ನುರಿತವರಾಗಿರಬೇಕು.

ಹಾಗಾದರೆ ಏನು ಮಾಡಿಸುವುದು? ಸರ್ಕಾರದ ತಪಾಸಣಾ ಕಾರ್ಯಕ್ರಮ 30 ದಾಟಿದವರಿಗೆ ಹೇಳುವುದು ಮೂರೇ: ಬಾಯಿ, ಸ್ತನ, ಗರ್ಭಕಂಠ. ಐದು ವರ್ಷಕ್ಕೊಮ್ಮೆ. ನೋಡಿ, ಮೇಲಿನ ಪಟ್ಟಿಯ ಮೊದಲ ಮೂರೇ ಇವು. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬುತ್ತಾರೆ, ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ. ದುಡ್ಡಿಲ್ಲ.

ಬಾಯಿ ಪರೀಕ್ಷೆಗೆ ಬೇಕಾದದ್ದು ಒಳ್ಳೆಯ ಬೆಳಕು, ಗ್ಲೋವ್ಸ್, ಗಾಯಕ್ಕೆ ಕಟ್ಟುವ ತೆಳುಬಟ್ಟೆಯ ಒಂದು ತುಂಡು, ಐದು ನಿಮಿಷ. ಹಲ್ಲುಸೆಟ್ ತೆಗೆಸಬೇಕು. ನಾಲಿಗೆಯ ತುದಿಯನ್ನು ಆ ಬಟ್ಟೆಯಲ್ಲಿ ಹಿಡಿದು ಒಂದೊಂದು ಪಕ್ಕಕ್ಕೂ ಎಳೆದು ಅಂಚು ನೋಡಬೇಕು, ನಾಲಿಗೆ ಎತ್ತಿಸಿ ಅಡಿಭಾಗ ನೋಡಬೇಕು. ಕೆನ್ನೆಯ ಒಳಗೋಡೆ, ಆಮೇಲೆ ಕೆನ್ನೆ ಮತ್ತು ಒಸಡಿನ ನಡುವಿನ ಸಂದಿ. ಕಡ್ಡಿಪುಡಿ, ಗುಟ್ಕಾ ಒತ್ತಿಟ್ಟುಕೊಳ್ಳುವುದು ಅಲ್ಲೇ, ನಮ್ಮಲ್ಲಿ ಕ್ಯಾನ್ಸರ್ ಬೇರೂರುವುದೂ ಹೆಚ್ಚಾಗಿ ಅಲ್ಲೇ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಅಪಾಯದ ಕೆಂಪು ಮಚ್ಚೆ, ಎರಡು-ಮೂರು ವಾರವಾದರೂ ಮಾಯದ ಹುಣ್ಣು, ತನ್ನದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಒಳಗೆ ತೂರಿಸಲಾಗದಷ್ಟು ಬಿಗಿದ ಬಾಯಿ, ಇವಿಷ್ಟರಲ್ಲಿ ಯಾವುದಿದ್ದರೂ ಮುಂದಕ್ಕೆ ಕಳಿಸಬೇಕು. ಇಂಥ ಬರಿಗಣ್ಣಿನ ಪರೀಕ್ಷೆಯಿಂದ ತಂಬಾಕು-ಮದ್ಯದ ಅಭ್ಯಾಸವಿರುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ತಗ್ಗಿತು ಎಂದು ತಿರುವನಂತಪುರದ ಪ್ರಯೋಗ 2005ರಲ್ಲಿ ತೋರಿಸಿತು.

ಗರ್ಭಕಂಠಕ್ಕೆ ವಿಐಎ, ಅಂದರೆ ಅಸಿಟಿಕ್ ಆಮ್ಲ ಹಚ್ಚಿ ಬರಿಗಣ್ಣಿನಲ್ಲಿ ನೋಡುವ ಪರೀಕ್ಷೆ. 95 ಮಿಲಿ ನೀರಿಗೆ 5 ಮಿಲಿ ಗಾಢ ಅಸಿಟಿಕ್ ಆಮ್ಲ ಸೇರಿಸಿ ಆ ದಿನವೇ ತಯಾರಿಸಿದ ದ್ರಾವಣ, ಅಂದರೆ ಅಡುಗೆಮನೆಯ ವಿನೆಗರ್‌ನಷ್ಟೇ ಹುಳಿ. ಹತ್ತಿಯಲ್ಲಿ ಅದ್ದಿ ಗರ್ಭಕಂಠಕ್ಕೆ ಹಚ್ಚಿ ಪೂರಾ ಒಂದು ನಿಮಿಷ ಕಾಯಬೇಕು. ಬದಲಾದ ಜೀವಕೋಶಗಳು ಬೆಳ್ಳಗಾಗಿ ಎದ್ದು ಕಾಣುತ್ತವೆ. ಎಡವಟ್ಟಾಗುವುದು ಮೂರು ಕಡೆ: ದ್ರಾವಣ ಹಳೆಯದಾಗಿರುತ್ತದೆ, ನಿಮಿಷ ಕಾಯದೆ ಇಪ್ಪತ್ತು ಸೆಕೆಂಡಿಗೇ ನೋಡಿ ಮುಗಿಸುತ್ತಾರೆ, ಬೆಳಕು ಸಾಲದು. ಮುಂಬೈಯ ಪ್ರಯೋಗದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಇದನ್ನು ಮಾಡಿ ಸಾವನ್ನು ನೂರಕ್ಕೆ 31ರಷ್ಟು ಇಳಿಸಿದರು. ಮುಟ್ಟು ನಿಂತವರಲ್ಲಿ, ನೋಡಬೇಕಾದ ಗೆರೆ (ಎರಡು ಬಗೆಯ ಜೀವಕೋಶಗಳು ಕೂಡುವ ಜಾಗ) ಒಳಕ್ಕೆ ಸರಿದುಬಿಡುವುದರಿಂದ ವಿಐಎ ಅಷ್ಟು ನಂಬಲಾಗದು. ಅವರಿಗೂ, ದುಡ್ಡು ಖರ್ಚು ಮಾಡಲು ಸಿದ್ಧರಿರುವ ಬೇರೆಯವರಿಗೂ ಗರ್ಭಕಂಠದ ಕ್ಯಾನ್ಸರ್ ತರುವ ವೈರಸ್ಸನ್ನು ಹುಡುಕುವ ಎಚ್‌ಪಿವಿ ಡಿಎನ್‌ಎ ಪರೀಕ್ಷೆಯೇ ಮೇಲು. ಲ್ಯಾಬಿಗೆ ದುಡ್ಡು ಕೊಡಲೇಬೇಕೆಂದಿದ್ದರೆ ಇದಕ್ಕೆ ಕೊಡಿ. ಮುಟ್ಟಿನ ದಿನ ಬೇಡ, ಹಿಂದಿನ ಎರಡು ದಿನ ಸಂಭೋಗ ಮತ್ತು ಯೋನಿಗೆ ಇಡುವ ಮಾತ್ರೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇಟ್ಟ ಗುರಿ, ನೂರರಲ್ಲಿ 70 ಹೆಂಗಸರಿಗೆ 35ರೊಳಗೊಮ್ಮೆ, 45ರೊಳಗೆ ಮತ್ತೊಮ್ಮೆ ಇಂಥ ಪರೀಕ್ಷೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಒಮ್ಮೆಯಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡ 30ರಿಂದ 49ರ ಭಾರತೀಯ ಹೆಂಗಸರು ನೂರಕ್ಕೆ ಇಬ್ಬರಿಲ್ಲ, 1.9.

ಸ್ತನಕ್ಕೆ ಕೈಪರೀಕ್ಷೆ ಮತ್ತು ಮ್ಯಾಮೊಗ್ರಾಂ, ಅಂದರೆ ಸ್ತನದ ಎಕ್ಸ್-ರೇ. ಕೈಪರೀಕ್ಷೆಯಲ್ಲಿ ಮೂರು ಬೆರಳಿನ ಮೆದು ಭಾಗದಿಂದ ಮೇಲ್ಪದರ, ನಡು, ಆಳ ಎಂದು ಮೂರು ಒತ್ತಡದಲ್ಲಿ ಪಟ್ಟಿಪಟ್ಟಿಯಾಗಿ ಮುಟ್ಟಿ ನೋಡಬೇಕು, ಕಂಕುಳನ್ನೂ ಕತ್ತಿನ ಮೂಳೆಯ ಮೇಲಿನ ಗುಂಡಿಯನ್ನೂ ಬಿಡದೆ. ಅರ್ಧ ನಿಮಿಷಕ್ಕೆ ಮುಗಿದರೆ ಅದು ಪರೀಕ್ಷೆಯಲ್ಲ. ನೋವಿಲ್ಲದ ಗಂಟೆಂದು ಬಿಡುವುದೇ ದೊಡ್ಡ ತಪ್ಪು, ಕ್ಯಾನ್ಸರ್ ಗಂಟು ಹೆಚ್ಚಾಗಿ ನೋಯುವುದಿಲ್ಲ. ಮುಂಬೈಯ ಒಂದೂವರೆ ಲಕ್ಷ ಹೆಂಗಸರ ಪ್ರಯೋಗದಲ್ಲಿ ಕೈಪರೀಕ್ಷೆಯ ಲಾಭ ಸ್ಪಷ್ಟವಾಗಿ ಕಂಡದ್ದು 50 ದಾಟಿದವರಲ್ಲಿ, ಸಾವು ಸುಮಾರು ನೂರಕ್ಕೆ 30ರಷ್ಟು ಕಡಿಮೆ. ಮ್ಯಾಮೊಗ್ರಾಂಗೆ ಹೋಗುವ ದಿನ ಕಂಕುಳಿಗೆ ಪೌಡರ್, ಡಿಯೋಡ್ರೆಂಟ್ ಹಾಕಬೇಡಿ, ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕಿಯಂತೆ ಕಾಣುತ್ತವೆ. ಒಂದೊಂದು ಕಡೆಗೆ ಎರಡರಂತೆ ನಾಲ್ಕು ಚಿತ್ರ ಇರಬೇಕು, ವರದಿಯಲ್ಲಿ ಅನುಮಾನ ಎಷ್ಟೆಂದು ಹೇಳುವ ಬೈರಾಡ್ಸ್ ಅಂಕಿ ಇರಬೇಕು. ಹಳೇ ಫಿಲ್ಮುಗಳನ್ನು ಜೊತೆಗೆ ಒಯ್ದರೆ ಓದುವವರಿಗೆ ಅರ್ಧ ಕೆಲಸ ಕಡಿಮೆ.

ಸರ್ಕಾರಿ ಸೇವೆಯಲ್ಲೂ ಕೊರತೆ ಇದೆ. ಪರದೆ ಇಲ್ಲದ ಕೋಣೆ, ತರಬೇತಾದ ನರ್ಸ್ ವರ್ಗಾವಣೆಯಾಗಿ ಹೋಗಿರುವುದು, ಎಲ್ಲಕ್ಕಿಂತ ಮುಖ್ಯವಾಗಿ ಅನುಮಾನ ಬಂದ ಮೇಲೆ ಬಯಾಪ್ಸಿಗೆ ಜಿಲ್ಲಾಸ್ಪತ್ರೆಗೆ ಹೋಗಿಬರುವಷ್ಟರಲ್ಲಿ ಅನೇಕರು ಕೈಬಿಡುವುದು. ಚೀಟಿಯ ಮೇಲೆ ಎಲ್ಲಿಗೆ, ಯಾವ ದಿನ, ಯಾರನ್ನು ನೋಡಬೇಕು ಎಂದು ಬರೆಸಿಕೊಳ್ಳದೆ ಎದ್ದು ಬರಬೇಡಿ.

ನಮ್ಮ ಅಂಕ: ಸಿಬಿಸಿ, ಸಕ್ಕರೆ, ಕೊಲೆಸ್ಟ್ರಾಲ್, ಕಿಡ್ನಿ ಇರುವ ಸಾಧಾರಣ ಪ್ಯಾಕೇಜು ಐದಕ್ಕೆ ಮೂರೂವರೆ. ಅದರ ಮೇಲೆ ಕೂಡಿಸಿದ ಕ್ಯಾನ್ಸರ್ ಸಾಲುಗಳಿಗೆ ಐದಕ್ಕೆ ಅರ್ಧ, ಅದೂ ಎಎಫ್‌ಪಿ, ಪಿಎಸ್‌ಎ ದಾಕ್ಷಿಣ್ಯಕ್ಕೆ. ತಾಯಿ, ಅಕ್ಕ, ಚಿಕ್ಕಮ್ಮ ಎಂದು ಮನೆಯಲ್ಲಿ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಒಬ್ಬರಿಗಿಂತ ಹೆಚ್ಚು ಜನಕ್ಕೆ ಬಂದಿದ್ದರೆ ಪ್ಯಾಕೇಜಿನ ದಾರಿ ಬೇಡವೇ ಬೇಡ, ನೇರ ಆನುವಂಶಿಕ ಸಲಹೆ ಕೊಡುವ ಆಸ್ಪತ್ರೆಗೆ ಹೋಗಿ.

ಈಗಾಗಲೇ ಮಾಡಿಸಿ, ಬಾಣದ ಗುರುತಿನ ವರದಿ ಕೈಯಲ್ಲಿದೆಯೇ? ಬೇರೆ ಲ್ಯಾಬಿನಲ್ಲಿ ಮರುಪರೀಕ್ಷೆ ಮಾಡಿಸಿ ಎರಡು ಅಂಕಿ ಹೋಲಿಸಬೇಡಿ, ಕಿಟ್ ಬದಲಾದರೆ ಅಂಕಿಯೂ ಬದಲಾಗುತ್ತದೆ. ಬಯೋಟಿನ್ ನಿಲ್ಲಿಸಿ, ಮುಟ್ಟು ಅಥವಾ ಸೋಂಕು ಕಳೆದ ಮೇಲೆ, ಮೂರ್ನಾಲ್ಕು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ ಆ ಒಂದು ಮಾರ್ಕರನ್ನಷ್ಟೇ ಮಾಡಿಸಿ. ಹೊಟ್ಟೆ ಉಬ್ಬರ, ತೂಕ ಇಳಿಯುವುದು, ಮಲದಲ್ಲಿ ರಕ್ತ, ಕಾಮಾಲೆ, ಗಂಟು ಇಂಥ ಏನಾದರೂ ಇದ್ದರೆ ಮಾತ್ರ ಅಷ್ಟು ದಿನ ಕಾಯದೆ ಈ ವಾರವೇ ಡಾಕ್ಟರನ್ನು ನೋಡಿ, ಅಂಕಿ ಎಷ್ಟೇ ಇರಲಿ.